ಚರ್ಚಿನ ಗೋಡೆಗೆ ನಮ್ಮ ಮನೆಯ ರಸ

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ. ಮನೆಯಲ್ಲಿ ಊಟಕ್ಕಿಲ್ಲ ಎಂದು ಬಿಟ್ಟವನಲ್ಲ, ಲೆಕ್ಕ ತಲೆಗೆ ಹತ್ತಲಿಲ್ಲ ಎಂದು ಬಿಟ್ಟವನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನಂಥವರ ಕತೆ ಕೇಳಲು ಕೂತವರು ಮೊದಲು 'ಪಾಪ' ಅನ್ನುತ್ತಾರೆ. ಆ ಪಾಪ ನನಗೆ ಬೇಡ. ನಾನು ಶಾಲೆ ಬಿಟ್ಟಿದ್ದು ಒಂದು ವಾಸನೆಯ ಸಲುವಾಗಿ. ಆ ವಾಸನೆ ನಮ್ಮ ಮನೆಯದು, ಅದರಲ್ಲಿ ನಾಚಿಕೆಪಡುವಂಥದ್ದು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹಿಂದೂಪುರದಲ್ಲಿ ನಮ್ಮ ಮನೆಗೆ ಮೂರೇ ಕೋಣೆ. ಮುಂದಿನದು ಕೂರುವುದಕ್ಕೆ, ಮಲಗುವುದಕ್ಕೆ. ನಡುವಿನದು ಅಡುಗೆಗೆ, ದೇವರಿಗೆ. ಮೂರನೆಯದು ಅಂಗಳದ ಆಚೆ, ತಗ್ಗು ಮಾಡಿನ ಕತ್ತಲೆ ಕೋಣೆ. ಅದಕ್ಕೆ ರಸದ ಕೋಣೆ ಎಂದು ಹೆಸರು. ಅಂಗಳದಲ್ಲಿ ಎರಡು ಸುಣ್ಣದ ಗುಂಡಿಗಳಿದ್ದವು. ನಮ್ಮ ಅಪ್ಪ ಗಾರೆ ಕೆಲಸದವನು. ಸಿಮೆಂಟಿನ ಗಾರೆಯಲ್ಲ, ಸುಣ್ಣದ ಗಾರೆ. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಗೆ ಹಾಕಿ ನೀರು ಬಿಟ್ಟರೆ ಅದು ಬುಸುಗುಟ್ಟಿ ಕುದಿದು ಬೆಣ್ಣೆಯಂತಾಗುತ್ತದೆ. ಆ ಬೆಣ್ಣೆ ನೀರೊಳಗೇ ಒಂದು ವರ್ಷ ಕೂತು ಹಣ್ಣಾಗಬೇಕು. ನಾವು ಮಕ್ಕಳು ಆ ಗುಂಡಿಯ ಹತ್ತಿರ ಓಡುವಂತಿಲ್ಲ, ಚೆಂಡಾಡುವಂತಿಲ್ಲ. ಬೇರೆ ಮನೆಗಳಲ್ಲಿ ಬಾವಿಗೆ ಹೆದರಿ ಮಕ್ಕಳು ಬೆಳೆದ ಹಾಗೆ ನಾನು ಸುಣ್ಣಕ್ಕೆ ಹೆದರಿ ಬೆಳೆದೆ.

ಈ ಕಸುಬು ನಮಗೆ ಹುಟ್ಟಿನಿಂದ ಬಂದದ್ದಲ್ಲ. ತಾತ ರೊದ್ದಂ ಕಡೆಯ ಒಕ್ಕಲು ಮನೆಯವನು. ಪ್ರಾಯದಲ್ಲಿ ಅಣ್ಣತಮ್ಮಂದಿರ ಮೇಲೆ ಸಿಟ್ಟು ಮಾಡಿಕೊಂಡು ಮನೆ ಬಿಟ್ಟು, ಹೋಗ್ತಾ ಹೋಗ್ತಾ ಸಮುದ್ರದ ದಂಡೆಯ ಒಂದು ಚಿಕ್ಕ ಊರಿಗೆ ಸೇರಿದನಂತೆ. ಅಲ್ಲಿ ಮೂರು ಹಳೇ ಚರ್ಚುಗಳು. ಉಪ್ಪುಗಾಳಿಗೆ ಗೋಡೆ ಸವೆಯುವುದರಿಂದ ಪ್ರತಿವರ್ಷವೂ ಮೂರರಲ್ಲೊಂದಕ್ಕೆ ಸಾರವೆ ಕಟ್ಟಿಯೇ ಇರುತ್ತಿತ್ತು. ಚಿಪ್ಪು ಸುಟ್ಟ ಸುಣ್ಣ, ಬೆಲ್ಲ, ಕರಕ್ಕಾಯಿ, ಇವನ್ನು ಹದ ಮಾಡುವುದನ್ನು ತಾತ ಅಲ್ಲಿ ಕಲಿತ. ಆಗ ನಮ್ಮ ಮನೆಯಲ್ಲಿ ಸಮುದ್ರ ನೋಡಿದವನು ಅವನೊಬ್ಬನೇ.

"ಸಮುದ್ರದ ಗಾಳಿ ಗೋಡೇನ ನೆಕ್ಕತೈತೆ ಕಣ್ಲಾ, ಹಸ ಉಪ್ಪಿನಕಲ್ಲು ನೆಕ್ಕಿದಂಗೆ" ಎನ್ನುತ್ತಿದ್ದ.

ಮದುವೆಯಾದ ಮೇಲೆ ನಾನು ಹೋಗಿ ನೋಡಿಬಂದೆ. ಮೂರೂ ಚರ್ಚುಗಳು ಇವೆ. ಎರಡಕ್ಕೆ ಪ್ಲಾಸ್ಟಿಕ್ ಪೇಂಟ್ ಬಳಿದಿದ್ದಾರೆ, ಗೋಡೆಗೆ ಬೊಕ್ಕೆ ಎದ್ದಿದೆ. ಒಂದು ಮಾತ್ರ ಇನ್ನೂ ಸುಣ್ಣದಲ್ಲೇ ಇದೆ, ಕೈಯಿಟ್ಟರೆ ತಣ್ಣಗಿತ್ತು. ಊರಿಗೆ ವಾಪಸು ಬಂದ ತಾತ ಚಿಪ್ಪಿನ ಬದಲು ನಮ್ಮ ಕಡೆಯ ಕಲ್ಲುಸುಣ್ಣ ಹಿಡಿದ. ದೊರೆಗಳ ಕಾಲದಲ್ಲಿ ಕಟ್ಟಿದ ಚರ್ಚುಗಳು, ಬಂಗಲೆಗಳು, ಪೆನುಕೊಂಡದ ಹಳೇ ಮನೆಗಳು, ಇಷ್ಟು ಅವನ ಸೀಮೆ. ಅಪ್ಪನ ಕಾಲಕ್ಕೆ ಉಳಿದದ್ದು ಬರೀ ಚರ್ಚುಗಳು. ಮಿಕ್ಕವರೆಲ್ಲ ಸಿಮೆಂಟಿಗೆ ಹೋಗಿದ್ದರು.

ರಸದ ಕೋಣೆ ಅಜ್ಜಿಯದು. ಕರಕ್ಕಾಯಿ ಎಂದರೆ ಅಳಲೆಕಾಯಿ. ಅದನ್ನು ಕುಟ್ಟಿ, ಬೆಲ್ಲದ ಜೊತೆ ಗುಡಾಣದ ನೀರಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಹತ್ತು ಹದಿನೈದು ದಿನ ಬಿಟ್ಟರೆ ಹುಳಿಬಂದು ರಸವಾಗುತ್ತದೆ. ಆ ರಸದಲ್ಲಿ ಕಲಸಿದ ಗಾರೆ ಬಿರುಕು ಬಿಡುವುದಿಲ್ಲ, ನೀರು ಹೀರುವುದಿಲ್ಲ. ಆದರೆ ಆ ಹತ್ತು ದಿನ ಅದು ಕೊಡುವ ವಾಸನೆ ಅಚ್ಚ ಹೆಂಡದ್ದೇ. ಹೊಸಬರು ನಮ್ಮ ಬೀದಿಗೆ ಬಂದರೆ ಅಂಗಡಿ ಎಲ್ಲಿ ಎಂದು ಕೇಳುತ್ತಿದ್ದರು. ಅಜ್ಜಿ ಗುಡಾಣಕ್ಕೆ ಕಿವಿಯಿಟ್ಟು ಹದ ನೋಡುತ್ತಿದ್ದಳು.

"ಮಾತಾಡತೈತೆ, ಕೇಳು. ಗುಸುಗುಸು ಅಂದ್ರೆ ಇನ್ನೂ ಹಸಿ. ಸುಮ್ಕಾದಾಗ ತೆಗೀಬೇಕು. ಹೆಂಗಸ್ರೂ ಅಂಗೇ ಕಣ್ಲಾ, ಮಾತು ನಿಂತಾಗ ಹುಷಾರಾಗಿರಬೇಕು."

ಅವಳದೊಂದು ಕಟ್ಟಳೆ ಇತ್ತು: ಹಳೇ ರಸದ ಒಂದು ತೊಟ್ಟೂ ಹೊಸ ಗುಡಾಣಕ್ಕೆ ಬೀಳಬಾರದು. ಖಾಲಿಯಾದ ಗುಡಾಣವನ್ನು ಬೂದಿ ಹಾಕಿ ತಿಕ್ಕಿ, ಮೂರು ದಿನ ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಯಾಕಜ್ಜಿ ಎಂದರೆ, "ಅದು ಅಂಗೇ" ಎಂದಷ್ಟೇ. ಕಾರಣ ಹೇಳುವುದು ಅವಳಿಗೆ ಒಗ್ಗದ ಕೆಲಸ.

ಗೋಡೆಯ ಕೊನೆಯ ಪದರಕ್ಕೆ ಮೊಟ್ಟೆಯ ಬಿಳಿ ಬೇಕು. ನಮ್ಮದು ತಿರುಪತಿ ಒಕ್ಕಲು. ಶನಿವಾರ ಅಜ್ಜಿಗೂ ಅಪ್ಪನಿಗೂ ಒಪ್ಪೊತ್ತು, ಮೊಟ್ಟೆ ಯಾವ ವಾರವೂ ಹೊಸಿಲು ದಾಟುವಂತಿಲ್ಲ. ಹಾಗಾಗಿ ಅಮ್ಮ ಅಂಗಳದಲ್ಲೇ ಕೂತು ಐವತ್ತು ಅರವತ್ತು ಮೊಟ್ಟೆ ಒಡೆದು ಬಿಳಿ ಬೇರೆ, ಹಳದಿ ಬೇರೆ ಮಾಡುತ್ತಿದ್ದಳು. ಬಿಳಿ ಚರ್ಚಿಗೆ, ಹಳದಿ ನಮಗೆ. ಮೂರು ಕಲ್ಲಿನ ಒಲೆ ಹೂಡಿ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಹುರಿದು, ಬಿಸಿ ಮುದ್ದೆಯ ಜೊತೆ ಕೊಟ್ಟರೆ ನಾವು ತಟ್ಟೆ ನೆಕ್ಕುತ್ತಿದ್ದೆವು. ಅಜ್ಜಿ ಹೊಸಿಲ ಒಳಗಿನಿಂದ ಕಾವಲು ಕಾಯುತ್ತಿದ್ದಳು.

"ಆ ಬಾಂಡ್ಲಿ ಒಳಕ್ಕೆ ತಂದ್ಯೋ, ನೋಡು!"

"ತಂದಿಲ್ಲ ಕಣತ್ತೆ. ನಿಮ್ಮ ಮೂಗು ಮಾತ್ರ ಆಚೆ ಬಂದೈತೆ, ಅದನ್ನ ಒಳಕ್ಕೆ ತಗೊಳ್ಳಿ."

ಜಗಳ ಅಲ್ಲಿಗೇ ಮುಗಿಯುತ್ತಿರಲಿಲ್ಲ, ಮಾರನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೂ ಮುಂದುವರಿಯುತ್ತಿತ್ತು. ಆದರೂ ಹಳದಿಯ ಬಾಂಡ್ಲಿಯನ್ನು ಅಜ್ಜಿ ಎಂದೂ ಚೆಲ್ಲಿಸಲಿಲ್ಲ. ನನ್ನ ತೋಳಿನ ಬಲ ಆ ಕಾಲದ ಚರ್ಚುಗಳು ಬಿಟ್ಟುಕೊಟ್ಟ ಹಳದಿಯಿಂದ ಬಂದದ್ದು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಇನ್ನು ಶಾಲೆ. ನಾನು ಮಲಗುತ್ತಿದ್ದುದು ರಸದ ಕೋಣೆಯ ಜಗಲಿಯ ಮೇಲೆ, ನನ್ನ ಎರಡು ಅಂಗಿಗಳು ಒಣಗುತ್ತಿದ್ದುದೂ ಅಲ್ಲೇ. ಒಂದು ದಿನ ಮೇಷ್ಟ್ರು ಬೋರ್ಡಿನ ಕಡೆಯಿಂದ ತಿರುಗಿ ಮೂಗು ಸೆಳೆದರು.

"ಯಾರೋ ಅದು, ಹೆಂಡದ ವಾಸನೆ?"

ಇಡೀ ಕ್ಲಾಸು ನನ್ನ ಕಡೆ ಕೈ ತೋರಿಸಿತು.

"ನಿಮ್ಮನೇಲಿ ಭಟ್ಟಿ ಇಳಿಸ್ತಾರೇನೋ, ನರಸಿಂಹ?"

"ಇಲ್ಲ ಸಾರ್. ಗಾರೆಗೆ ಹಾಕೋ ರಸ."

"ಓಹೋ, ಗೋಡೆಗೆ ರಸ. ಅನ್ನಾನೂ ಬಡಿಸ್ತಾರೇನೋ ಜೊತೆಗೆ?"

ಎಲ್ಲರೂ ನಕ್ಕರು. ಒಗೆದ ಅಂಗಿ ಹಾಕಿಕೊಂಡು ಬರುವವರೆಗೆ ವರಾಂಡದಲ್ಲಿ ಕೂರು ಎಂದರು ಮೇಷ್ಟ್ರು. ಇದು ಒಗೆದದ್ದೇ ಸಾರ್ ಎಂದೆ. ಕೇಳಲಿಲ್ಲ. ಮೂರು ದಿನ ವರಾಂಡದಲ್ಲಿ ಕೂತು ಕಿಟಕಿಯಿಂದ ಪಾಠ ಕೇಳಿದೆ. ಬೇರೆ ವಾಸನೆಯ ಅಂಗಿ ಬೇಕಾದರೆ ಬೇರೆ ಮನೆಯಲ್ಲಿ ಹುಟ್ಟಬೇಕಿತ್ತು. ನಾಲ್ಕನೆಯ ದಿನ ಶಾಲೆಯ ಗೇಟಿನವರೆಗೂ ಹೋಗಿ, ನಿಂತು, ವಾಪಸು ಬಂದು ಚೀಲವನ್ನು ಅಟ್ಟದ ಮೇಲಿಟ್ಟೆ.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನಿಗೆ ರುಜು ಹಾಕಲು ಬರುತ್ತಿರಲಿಲ್ಲ, ಮಗ ಬ್ಯಾಂಕಿನಲ್ಲಿ ಕೂರಬೇಕು ಎಂದು ಆಸೆ. ಆವತ್ತು ಮುದ್ದೆ ಮುರಿಯುತ್ತಾ, ತಟ್ಟೆಯಿಂದ ಕಣ್ಣೆತ್ತದೆ ಹೇಳಿದ:

"ಓದು ಬಿಟ್ಟೋನು ನನ್ನ ಕರಣೆ ಮುಟ್ಟಂಗಿಲ್ಲ. ಅರ್ಧಕ್ಕೆ ಬಿಡೋನ ಕೈಗೆ ಗೋಡೆ ಕೊಡಲ್ಲ. ಹೋಗು, ನಿಮ್ಮಜ್ಜಿ ಜೊತೆ ಗುಡಾಣ ತೊಳಿ."

ಒಂದು ವರ್ಷ ಗುಡಾಣ ತೊಳೆದೆ, ಕರಕ್ಕಾಯಿ ಕುಟ್ಟಿದೆ, ಸುಣ್ಣ ಜಾಲಿಸಿದೆ. ಕರಣೆ ಮುಟ್ಟಲಿಲ್ಲ. ಬೀದಿಯಲ್ಲಿ ನನ್ನ ಕ್ಲಾಸಿನವರು ಎದುರಾದರೆ ನಾನು ದಾರಿ ಬದಲಿಸುತ್ತಿರಲಿಲ್ಲ, ಅವರೇ ಬದಲಿಸಲಿ ಎಂದು ನೆಟ್ಟಗೆ ನಡೆಯುತ್ತಿದ್ದೆ.

ಆ ಮುಂದಿನ ಬೇಸಗೆಗೆ ಕಲ್ಯಾಣದುರ್ಗದ ಕಡೆಯಿಂದ ಒಂದು ಕೆಲಸ ಬಂತು. ಕಲ್ಲಿನ ಹಳೇ ಚರ್ಚು, ಎತ್ತರದ ಕಮಾನು ಕಿಟಕಿಗಳು, ತೇಗದ ಮಾಡು. ಯಾವ ಚರ್ಚು ಎಂದು ಬರೆಯುವುದಿಲ್ಲ, ಅಲ್ಲಿಯವರ ಮೊಮ್ಮಕ್ಕಳು ಈಗ ನನ್ನನ್ನು ಕಂಡರೆ ಗಾಡಿ ನಿಲ್ಲಿಸಿ ಮಾತಾಡಿಸುತ್ತಾರೆ. ಹಿಂದೆ ಯಾರೋ ಅದರ ಒಳಗೋಡೆಗಳಿಗೆ ಸಿಮೆಂಟ್ ಬಳಿದಿದ್ದರು. ಹಳೇ ಕಲ್ಲಿನ ನೀರು ಆಚೆ ಬರಲು ದಾರಿಯಿಲ್ಲದೆ ಗಿಲಾವು ಹಪ್ಪಳದಂತೆ ಎದ್ದು ಬೀಳುತ್ತಿತ್ತು. ಪಾಸ್ಟರು ನಮ್ಮ ಮನೆಗೇ ಬಂದು ಅಪ್ಪನನ್ನು ಕರೆದರು. ಚರ್ಚಿನ ಹಿರಿಯನಿಗೆ, ಅಂದರೆ ಅವರು ತೆಲುಗಿನಲ್ಲಿ ಪೆದ್ದಾಯನ ಎಂದು ಕರೆಯುವವನಿಗೆ, ಇದು ಇಷ್ಟವಿರಲಿಲ್ಲ. ಮತ್ತೆ ಸಿಮೆಂಟೇ ಬಳಿದು ಒಂದು ವಾರದಲ್ಲಿ ಮುಗಿಸೋಣ ಎನ್ನುವ ಪೈಕಿ ಅವನು. ಕಡೆಗೆ ಒಂದು ಒಪ್ಪಂದವಾಯಿತು. ಮೊದಲು ಬಲಿಪೀಠದ ಹಿಂದಿನ ಒಂದು ಗೋಡೆ ಸುಣ್ಣದಲ್ಲಿ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಮಿಕ್ಕ ಮೂರು. ಆ ಹೊತ್ತಿಗೆ ಅಪ್ಪನ ಕೈಯಲ್ಲಿ ಬೇರೆ ಒಂದು ಕೆಲಸವೂ ಇರಲಿಲ್ಲ. ಈ ಗೋಡೆ ಕೆಟ್ಟರೆ ನಮ್ಮ ಸುಣ್ಣದ ಕಸುಬು ಅಲ್ಲಿಗೆ ನಿಂತಂತೆ. ಅಪ್ಪ ಹೇಗೋ ಸಿಮೆಂಟಿಗೆ ಹೋಗುತ್ತಿದ್ದ. ಓದೂ ಬಿಟ್ಟು, ಕರಣೆಯೂ ಸಿಕ್ಕದ ನನಗೆ ಮಾತ್ರ ಕಾಲೂರಲು ಬೇರೆ ಜಾಗವಿರಲಿಲ್ಲ. ಹದಿಮೂರು ವರ್ಷದವನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಅಪ್ಪ, ಅವನ ಜೊತೆಗಾರ ಓಬಳೇಸು, ರಸ ನೋಡಿಕೊಳ್ಳಲು ನಾನು. ಅಜ್ಜಿ ಮನೆಯಲ್ಲೇ ಉಳಿದಳು. ನಮ್ಮ ಗುಡಾಣಗಳನ್ನು ಬಲಿಪೀಠದ ಪಕ್ಕದ ಸಣ್ಣ ಕೋಣೆಯಲ್ಲಿ ಇರಿಸಿದೆವು. ಕೊನೆಯ ಪದರಕ್ಕೆ ಬೇಕಾದ ರಸಕ್ಕೆ ಹತ್ತು ದಿನವಾದರೂ ಬೇಕು, ಇದ್ದದ್ದು ಐದು. ಅಪ್ಪ ಶನಿವಾರಕ್ಕೆ ರಸ ಆಗತ್ತೇನೋ ಎಂದು ಕೇಳಿದ. ಅವನು ನನ್ನನ್ನು ಕೆಲಸದ ಮಾತು ಕೇಳಿದ್ದು ಅದೇ ಮೊದಲು. ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ಅಮ್ಮ ದಿನಾ ಹಾಲಿಗೆ ಹೆಪ್ಪು ಹಾಕುವುದನ್ನು ನೋಡಿ ಬೆಳೆದವನು ನಾನು. ಹಳೇ ಗುಡಾಣದ ತಳದಿಂದ ಎರಡು ಸೌಟು ತೆಗೆದು ಹೊಸದಕ್ಕೆ ಹಾಕಿ, ಬೇಗ ಹುಳಿಬರಲಿ ಎಂದು ಬೆಲ್ಲವನ್ನೂ ಒಂದು ಉಂಡೆ ಹೆಚ್ಚಿಗೆ ಕದಡಿದೆ. ಮೂರೇ ದಿನಕ್ಕೆ ಗುಡಾಣ ಗುಳುಗುಳು ಎಂದು ಉಕ್ಕಿತು. ಎಷ್ಟು ಹಿಗ್ಗಿದೆ ಎಂದರೆ, ಅಜ್ಜಿಗೇ ಬುದ್ಧಿ ಹೇಳಬಹುದು ಅನ್ನಿಸಿತ್ತು.

ಶನಿವಾರ ಮಧ್ಯಾಹ್ನ ಕೊನೆಯ ಪದರ ಹಾಕಿದರು. ಸುಣ್ಣದ ಕೊನೆಯ ಪದರ ಹಾಕಿ ಬಿಡುವ ಕೆಲಸವಲ್ಲ. ಅದು ಗಟ್ಟಿಯಾಗುವಾಗ ಬೆವರುತ್ತದೆ. ಆ ಬೆವರನ್ನು ಬಟ್ಟೆಯಲ್ಲಿ ಒರೆಸುತ್ತಾ, ಹೊಳೆಯ ನುಣುಪು ಕಲ್ಲಿನಿಂದ ಉಜ್ಜುತ್ತಲೇ ಇರಬೇಕು. ಬೆವರು ನಿಂತರೆ ಗೋಡೆ ಕನ್ನಡಿಯಾಗುತ್ತದೆ. ನಡುವೆ ಕೈ ತೆಗೆದರೆ ಸುಕ್ಕು ಬಿದ್ದು, ಪೂರ್ತಿ ಕೆತ್ತಿ ತೆಗೆಯುವುದೇ ಗತಿ. ಭಾನುವಾರ ಜನ ಬರುವುದರೊಳಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬೆಲ್ಲ ಹೆಚ್ಚಾದ ರಸ ಗಾರೆಯನ್ನು ಗಟ್ಟಿಯಾಗಲು ಬಿಡುವುದಿಲ್ಲ. ರಾತ್ರಿಯೆಲ್ಲ ಕಳೆದು ಭಾನುವಾರ ಬೆಳಗಾದರೂ ಅಪ್ಪ, ಓಬಳೇಸು ಉಜ್ಜುತ್ತಿದ್ದಾರೆ, ಗೋಡೆ ಬೆವರುತ್ತಲೇ ಇದೆ, ಬಿಸಿಲೇರಿದಂತೆ ಇಡೀ ಚರ್ಚಿಗೆ ಹೆಂಡದ ವಾಸನೆ ಅಡರುತ್ತಿದೆ. ಅಪ್ಪ ಒಮ್ಮೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

ಒಂಬತ್ತೂವರೆಗೆ ಜನ ಬರತೊಡಗಿದರು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಪೆದ್ದಾಯನ ನೇರವಾಗಿ ಗೋಡೆಯ ಹತ್ತಿರ ಬಂದು ತೆಲುಗಿನಲ್ಲೇ ಗದರಿದ.

"ಏಮಯ್ಯಾ, ದೇವುಡಿ ಮಂದಿರಂಲೋ ತಾಗಿ ಪನಿ ಚೇಸ್ತಾವಾ?"

ದೇವರ ಮನೆಯಲ್ಲಿ ಕುಡಿದು ಕೆಲಸ ಮಾಡುತ್ತೀಯಾ ಎಂದು. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದವನಿಗೆ, ಹಿಂದಿನ ದಿನವಷ್ಟೇ ಒಪ್ಪೊತ್ತಿದ್ದವನಿಗೆ.

"ಕುಡಿದಿಲ್ಲ ಸ್ವಾಮಿ. ರಸದ ವಾಸನೆ ಇದು" ಎಂದ ಅಪ್ಪ, ಕಲ್ಲು ನಿಲ್ಲಿಸದೆ.

"ಹಂಗಾದ್ರೆ ಬಾಯಿ ಬಿಡು. ಊದು. ನಾನು ಮೂಸ್ತೀನಿ."

ಬೆಂಚಿನ ಮೇಲೆ ಕೂತವರೆಲ್ಲ ನೋಡುತ್ತಿದ್ದರು. ಅಪ್ಪ ಕಲ್ಲನ್ನು ಸಾರವೆಯ ಹಲಗೆಯ ಮೇಲೆ ಮೆಲ್ಲಗೆ ಇಟ್ಟ. ಕೈ ಒರೆಸಿಕೊಂಡು ಇಳಿದು ಬಂದ.

"ನನ್ನ ಕೆಲಸ ನೋಡೋಕೆ ಕರೆದ್ರಿ, ಬಂದೆ. ನನ್ನ ಬಾಯಿ ಮೂಸೋಕೆ ನಿಮಗೆ ಹಕ್ಕಿಲ್ಲ."

ಹೊರಟೇಬಿಟ್ಟ. ಓಬಳೇಸು ಬಕೆಟ್ಟು ಎತ್ತಿಕೊಂಡು ಹಿಂದೆಯೇ ಹೋದ. ನಾಳೆ ಬೆಳಗ್ಗೆ ಇದನ್ನೆಲ್ಲ ಕೆತ್ತಿಸಿ ಸಿಮೆಂಟ್ ಹಾಕಿಸುತ್ತೇನೆ ಎಂದು ಪೆದ್ದಾಯನ ಎಲ್ಲರಿಗೂ ಕೇಳುವಂತೆ ಹೇಳಿದ.

ನಾನು ಗೋಡೆಯ ಕೆಳಗೆ ಒಬ್ಬನೇ ನಿಂತಿದ್ದೆ. ಗೋಡೆಯ ಮೇಲೆ ಬೆವರು ಹನಿಗೂಡುತ್ತಿತ್ತು. ಹನಿ ಇಳಿದರೆ ಗೆರೆ ಬೀಳುತ್ತದೆ, ಗೆರೆ ಬಿದ್ದರೆ ಕೆತ್ತಲು ನಾಳೆಯವರೆಗೂ ಕಾಯಬೇಕಾಗಿಲ್ಲ. ಸಾರವೆ ಹತ್ತಿದೆ. ಅಪ್ಪನ ಕಲ್ಲು ತೆಗೆದುಕೊಂಡೆ. ಇನ್ನೂ ಬೆಚ್ಚಗಿತ್ತು.

"ರೇಯ್, ದಿಗು! ಇಳಿಯೋ ಕೆಳಗೆ! ನಿಮ್ಮಪ್ಪ ಹೋದನಲ್ಲ, ನೀನೂ ನಡಿ."

"ಇಳಿಯಲ್ಲ."

"ಏಂಟಿ? ಏನಂದೆ?"

"ಗೋಡೆ ಬೆವರ್ತಾ ಐತೆ, ಬಿಟ್ರೆ ಸುಕ್ಕು ಬೀಳತೈತೆ. ಬೇಕಾದ್ರೆ ಮೇಲಕ್ಕೆ ಬಂದು ನನ್ನ ಬಾಯಿ ಮೂಸ್ರಿ. ನಾನು ಊದ್ತೀನಿ. ಇಳಿಯಲ್ಲ ಮಾತ್ರ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪೆದ್ದಾಯನ ಸಾರವೆಗೆ ಕೈ ಹಾಕಿ ಅಲುಗಿಸಿದ. ನಾನು ಒಂದು ಕೈಯಲ್ಲಿ ಗಳ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಉಜ್ಜುತ್ತಲೇ ಇದ್ದೆ. ಅಷ್ಟರಲ್ಲಿ ಪಾಸ್ಟರು ಬಂದರು. ಅವರು ಗೋಡೆ ನೋಡಿದರು, ನನ್ನನ್ನು ನೋಡಿದರು, ಹಾಡಿನ ಪುಸ್ತಕ ತೆರೆದು ನಂಬರು ಕೂಗಿದರು. ಜನ ಎದ್ದು ನಿಂತು ಹಾಡಿದರು. ಅವರ ಎರಡು ಗಂಟೆಯ ಆರಾಧನೆಯ ಉದ್ದಕ್ಕೂ ನನ್ನ ಕಲ್ಲು ಕರಕರ ಎನ್ನುತ್ತಿತ್ತು. ಬೆನ್ನ ಹಿಂದೆ ಯಾರು ಏನಂದರೋ ಗೊತ್ತಿಲ್ಲ. ಕರಣೆ ಮುಟ್ಟಬಾರದು ಎಂದು ಅಪ್ಪ ಹೇಳಿದ್ದ, ಕಲ್ಲು ಮುಟ್ಟಬಾರದು ಎಂದು ಹೇಳಿರಲಿಲ್ಲ. ಸಾರವೆಯ ಮೇಲೆ ನನಗೆ ಹೊಳೆದ ನ್ಯಾಯ ಅಷ್ಟೇ. ತಪ್ಪು ನನ್ನದು ಎಂಬುದು ಗೊತ್ತಿತ್ತು. ಅದಕ್ಕೇ ಇಳಿಯಲಿಲ್ಲ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಗೋಡೆ ನನ್ನ ಕೈಗೆ ಬಂದಿತ್ತು, ನನಗೆ ಬಿಡಲು ಮನಸ್ಸಿರಲಿಲ್ಲ.

ಕಡೆಯ ಹಾಡು ಮುಗಿಯುವ ಹೊತ್ತಿಗೆ ಎಡಗಡೆಯ ಮೇಲ್ಭಾಗ ಬೆವರು ನಿಲ್ಲಿಸಿತು. ಜನ ಚದುರುವಾಗ ಶಾಂತಮ್ಮ ಎಂಬ ಮುದುಕಿ ಬಲಿಪೀಠದ ಹತ್ತಿರ ಬಂದಳು. ತಿಂಗಳಿಗೊಮ್ಮೆ ಅವರು ಪ್ರಭುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಹಂಚುತ್ತಾರಲ್ಲ, ಆ ರಸಕ್ಕೆ ಒಣದ್ರಾಕ್ಷಿ ನೆನೆಸಿ ಕುದಿಸುವ ಕೆಲಸ ಇವಳದು. ಪಕ್ಕದ ಕೋಣೆಗೆ ಹೋಗಿ ನನ್ನ ಗುಡಾಣದ ಬಟ್ಟೆ ಬಿಚ್ಚಿ, ಬೆರಳದ್ದಿ, ಮೂಸಿ, ನಾಲಿಗೆಗೆ ಇಟ್ಟುಕೊಂಡು ಉಗಿದಳು. ಆಮೇಲೆ ಪೆದ್ದಾಯನನ್ನು ಮೊಣಕೈ ಹಿಡಿದು ಎಳೆದು ತಂದಳು.

"ಇದು ಸಾರಾಯಿ ಅಂದ್ಯಲ್ಲ ಅಣ್ಣಾ, ಒಂದು ಗುಟುಕು ಹಾಕು ನೋಡಾಣ! ಕರಕ್ಕಾಯಿ ಇದು, ಮೂರು ದಿನ ಹೊಟ್ಟೆ ಹಿಡಿಯಲ್ಲ ನಿಂಗೆ. ಹಿಂದೊಂದು ಸಲ ನನ್ನ ದ್ರಾಕ್ಷಿ ರಸಾನೂ ಇಂಗೇ ಹುಳಿಬಂದು ಹೋಗಿತ್ತು, ಅವತ್ತು ನನ್ನ ಬಾಯಿ ಮೂಸಿದ್ಯಾ?"

ಪೆದ್ದಾಯನ ಗುಡಾಣಕ್ಕೆ ಬಗ್ಗಿದ, ಕೆಮ್ಮಿದ, ಆಚೆ ಹೋದ.

ಸಾಯಂಕಾಲದ ಹೊತ್ತಿಗೆ ಇಡೀ ಗೋಡೆಯ ಬೆವರು ನಿಂತಿತು. ಇಳಿದಾಗ ಎರಡೂ ಅಂಗೈ ಸುಣ್ಣ ತಿಂದು ಕೆಂಪಾಗಿದ್ದವು. ಅಪ್ಪ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ. ಹೋಗಿರಲಿಲ್ಲ. ಎದ್ದು ಬಂದು ಕೆನ್ನೆಗೆ ಒಂದು ಬಾರಿಸಿದ.

"ನನ್ನ ಮಾನ ತೆಗೆದೋರ ಗೋಡೆ ಹಿಡ್ಕೊಂಡು ನಿಂತ್ಯಲ್ಲೋ. ನಿನಗೆ ಅಪ್ಪ ದೊಡ್ಡೋನೋ, ಅವರ ಗೋಡೆ ದೊಡ್ಡದೋ?"

"ಅವರ ಗೋಡೆ ಅಲ್ಲ ಕಣಪ್ಪ. ನೀನು ಹಾಕಿದ್ದು. ನಿನ್ನ ಗೋಡೆ."

ಅವನ ಕೈ ಮತ್ತೆ ಎದ್ದಿತು. ನಾನು ಕೆನ್ನೆ ತಿರುಗಿಸಲಿಲ್ಲ. ಅದೇ ಉಸಿರಿನಲ್ಲಿ ಹೇಳಿಬಿಟ್ಟೆ: ಹಳೇ ರಸ ಹಾಕಿದ್ದು ನಾನೇ, ಬೆಲ್ಲ ಹೆಚ್ಚು ಮಾಡಿದ್ದೂ ನಾನೇ, ವಾಸನೆಗೆ ನಾನೇ ಕಾರಣ ಎಂದು. ಎದ್ದ ಕೈ ಹಾಗೇ ನಿಂತಿತು. ಓಬಳೇಸು ಬೀಡಿ ಎಸೆದು ನಡುವೆ ಬಂದ.

"ಹೊಡಿಯೋದಾದ್ರೆ ಎರಡಕ್ಕೂ ಸೇರಿಸಿ ಒಂದೇ ಹೊಡಿಯಣ್ಣಾ, ಮಗ ಬೆಳಗ್ಗಿಂದ ನೀರೂ ಕುಡಿದಿಲ್ಲ."

ಅಪ್ಪ ಕೈ ಇಳಿಸಿ, ನನ್ನ ಅಂಗೈ ಎಳೆದು ನೋಡಿ, ಬುತ್ತಿಯ ಡಬ್ಬಿಯಿಂದ ಕೊಬ್ಬರಿ ಎಣ್ಣೆ ತೆಗೆದು ಹಚ್ಚಿದ. ಕ್ಷಮಿಸಿದ ಎಂದಲ್ಲ. ಸುಣ್ಣ ತಿಂದ ಕೈಗೆ ಎಣ್ಣೆ ಹಚ್ಚುವುದು ಕೆಲಸದ ಕಟ್ಟಳೆ, ಅಷ್ಟೇ.

ಸುದ್ದಿ ತಿಳಿದು ಮಾರನೆಯ ದಿನ ಅಜ್ಜಿ ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಬಂದಿಳಿದಳು, ಸೊಂಟದ ಮೇಲೆ ಹೊಸ ಗುಡಾಣ. ನನ್ನ ಕಿವಿ ಹಿಂಡಿ, "ರಸಕ್ಕೆ ಹೆಪ್ಪು ಹಾಕ್ತಾರೇನ್ಲಾ, ಮೊಸರು ಕಡಿಯೋಕೆ ಬಂದಿದ್ದಾ ಇಲ್ಲಿಗೆ?" ಎಂದು ಎಲ್ಲರ ಮುಂದೆ ಕೇಳಿದಳು. ಶಾಂತಮ್ಮ ಬಾಯಿ ತುಂಬ ನಕ್ಕಳು. ಅಜ್ಜಿ ಅದುವರೆಗೂ ಯಾವ ಚರ್ಚಿನ ಮೆಟ್ಟಿಲನ್ನೂ ಹತ್ತಿದವಳಲ್ಲ. ಅವತ್ತು ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಒಳಗೆ ಹೋಗಿ ಗೋಡೆಯ ಮೇಲೆ ಅಂಗೈ ಆಡಿಸಿದಳು. ಪೆದ್ದಾಯನ ಅಲ್ಲೇ ಇದ್ದ. ಮಿಕ್ಕ ಮೂರು ಗೋಡೆಯನ್ನೂ ನೀವೇ ಮಾಡಿ, ತಪ್ಪಾಯಿತು ಎಂದ.

"ನನಗ್ಯಾಕೆ ಹೇಳ್ತೀಯಪ್ಪ? ಬಾಯಿ ಬಿಡು ಅಂದಿದ್ದು ನನಗಲ್ಲವಲ್ಲ. ಕೇಳಿಸ್ಕೊಂಡೋನು ಮರದ ಕೆಳಗೆ ಕೂತವ್ನೆ, ಅವನಿಗೆ ಹೇಳು."

ಅವನು ಹೇಳಿದ, ನಿಜ. ಒಬ್ಬನೇ ಬಂದು, ಮರದ ಕೆಳಗೆ, ತಗ್ಗಿದ ದನಿಯಲ್ಲಿ. ಅಪ್ಪ ಪೂರ್ತಿ ಕೇಳಿಸಿಕೊಂಡು ಅವನ ಹಿಂದೆ ಮುಂದೆ ನೋಡಿದ.

"ಅವತ್ತು ಅಷ್ಟು ಜನ ಇದ್ರಲ್ಲ, ಅವರೆಲ್ಲಿ?"

ಪೆದ್ದಾಯನ ಬಂದ ದಾರಿ ಹಿಡಿದ. ಜನರ ಮುಂದೆ ಹೇಳಲು ಅವನಿಂದ ಕಡೆಗೂ ಆಗಲಿಲ್ಲ. ಅಪ್ಪ ಒಪ್ಪಿಕೊಂಡ ಕೆಲಸ ಬಿಡಲಿಲ್ಲ, ಆದರೆ ಆ ಬಾಗಿಲು ಮತ್ತೆ ದಾಟಲಿಲ್ಲ. ಎರಡು ತಿಂಗಳು ಬೇವಿನ ಮರದ ಕೆಳಗೆ ಕೂತು ಮರಳು ಜರಡಿ ಹಿಡಿದ, ಸುಣ್ಣ ಅರೆದ, ಗಾರೆ ಹದ ಮಾಡಿ ಬಾಣಲಿ ತುಂಬಿ ಕಳಿಸಿದ. ಒಳಗೆ ಓಬಳೇಸು ಮತ್ತು ನಾನು. ಮೊದಲ ದಿನ ಗಾರೆಯ ಬಾಣಲಿಯೊಳಗೇ ತನ್ನ ಕರಣೆ ಇಟ್ಟು ಕಳಿಸಿದ. ಪ್ರತಿ ಸಾಯಂಕಾಲ ನಾನು ಆಚೆ ಬಂದರೆ ಒಂದೇ ಪ್ರಶ್ನೆ:

"ಬೆವರು ನಿಂತಿತಾ?"

"ನಿಂತಿತಪ್ಪ."

"ನೀನು ಸುಳ್ಳು ಹೇಳಿದ್ರೆ ಗೋಡೆ ಹೇಳತೈತೆ."

ನಾಲ್ಕು ಗೋಡೆಯೂ ಮುಗಿದವು. ಅಪ್ಪ ನೋಡಲಿಲ್ಲ. ಸಾಯುವವರೆಗೂ ನೋಡಲಿಲ್ಲ. ಒಮ್ಮೆ ಅದೇ ರಸ್ತೆಯಲ್ಲಿ ಬಸ್ಸು ಹಾದಾಗ ಕಿಟಕಿಯ ಆಚೆ ಬದಿಗೆ ಮುಖ ತಿರುಗಿಸಿ ಕೂತಿದ್ದ. ನಮ್ಮ ನೆಂಟರು ಅದನ್ನು ಹಟ ಎನ್ನುತ್ತಾರೆ. ಒಂದು ಮಾತಿಗೆ ಅಷ್ಟು ದೊಡ್ಡ ಕೆಲಸ ನೋಡುವುದನ್ನೇ ಬಿಟ್ಟನಲ್ಲ ಎನ್ನುತ್ತಾರೆ. ಬಿಟ್ಟಿದ್ದು ಸರಿ ಎಂದೇ ನಾನು ಹೇಳುವುದು. ಬೈದದ್ದು ಅಷ್ಟು ಜನರ ಮುಂದೆ, ಕ್ಷಮೆ ಕೇಳಿದ್ದು ಮರದ ಮುಂದೆ. ಅದನ್ನು ಒಪ್ಪಿಕೊಂಡಿದ್ದರೆ ಅವನು ಒಳಗೆ ಬಂದು ಗೋಡೆ ನೋಡಬಹುದಿತ್ತು, ನಾನು ಅವನನ್ನು ಆಮೇಲೆ ಅದೇ ಕಣ್ಣಿನಿಂದ ನೋಡುತ್ತಿದ್ದೆನೋ ಇಲ್ಲವೋ. ಹಾಗೆಯೇ ನಾನು ಗೋಡೆ ಹಿಡಿದು ನಿಂತದ್ದೂ ಸರಿ. ಇಬ್ಬರದೂ ಸರಿಯಾಗಿರಲು ಸಾಧ್ಯವಿಲ್ಲ ಎಂದು ಓದಿದವರು ವಾದ ಮಾಡುತ್ತಾರೆ. ಮಾಡಲಿ. ಆ ಮನೆಯಲ್ಲಿ ಬೆಳೆಯದವರಿಗೆ ನಾನು ತಿಳಿಸಿ ಹೇಳಲಾರೆ.

ಮೊನ್ನೆ ಒಂದು ಹಳೇ ಚರ್ಚಿನ ರಿಪೇರಿಗೆ ಟೆಂಡರ್ ಹಾಕಲು ಹೋಗಿದ್ದೆ. ಎಂಜಿನಿಯರ್ ಹುಡುಗ, ಒಳ್ಳೆಯವನೇ, ಫಾರ್ಮು ಮುಂದಿಟ್ಟು, "ಕ್ವಾಲಿಫಿಕೇಶನ್ ಏನು ಬರೀಲಿ ಅಂಕಲ್?" ಎಂದ. ಅವನು ಕೊಟ್ಟಿದ್ದು ಒಂದು ಗೆರೆಯಷ್ಟು ಜಾಗ. ಸಾಲಲಿಲ್ಲ, ಇಲ್ಲಿ ಬರೆಯುತ್ತೇನೆ. ಓದಿದ್ದು ಆರು ಕ್ಲಾಸು, ಏಳನೆಯದರಲ್ಲಿ ಅರ್ಧ. ಕೈಯಾರೆ ಮುಗಿಸಿದ್ದು ಚರ್ಚು ಹನ್ನೊಂದು, ಗುಡಿ ನಾಲ್ಕು, ಮಸೀದಿ ಒಂದು, ಹಳೇ ಬಂಗಲೆ ಎರಡು. ಜೊತೆಗೆ ಕೆಲಸ ಮಾಡುವವರು ಏಳು ಜನ, ಅದರಲ್ಲಿ ಮೂವರು ಹೆಂಗಸರು, ಏಳೂ ಜನಕ್ಕೆ ಒಂದೇ ಕೂಲಿ. ಲೇಪಾಕ್ಷಿ ರಸ್ತೆಯಲ್ಲಿ ಒಂದು ಶೆಡ್ಡು, ಒಂದು ಟೆಂಪೋ. ಮಕ್ಕಳು ಇಬ್ಬರು, ಒಬ್ಬಳು ನರ್ಸು, ಒಬ್ಬ ನನ್ನ ಜೊತೆ. ಬೆರಳು ಹತ್ತು, ಸುಣ್ಣ ತಿಂದು ನುಣುಪಾದವು. ರೇಷನ್ ಅಂಗಡಿಯ ಮೆಷಿನ್ನಿಗೆ ಅದರಲ್ಲಿ ಒಂದರ ಗೆರೆಯೂ ಸಿಕ್ಕುವುದಿಲ್ಲ.